ಯಾವ ಬ್ರಿಡ್ಜ್ ದಾಟೋದು?

ಪ್ರಶ್ನೆ: ಸರ್, ನ್ಯೂಯಾರ್ಕಲ್ಲಿ ನಮ್ಗೆ ಸಿಗೋದು ಒಂದೇ ಸಂಜೆ. ಬ್ರೂಕ್ಲಿನ್ ಬ್ರಿಡ್ಜ್ ನಡ್ಕೊಂಡು ದಾಟೋದಾ, ಇಲ್ಲಾ ಪಕ್ಕದ ಮ್ಯಾನ್‌ಹ್ಯಾಟನ್ ಬ್ರಿಡ್ಜಾ?

ಉತ್ತರ: ಕಣ್ಮುಚ್ಕೊಂಡು ಬ್ರೂಕ್ಲಿನ್‌ಗೇ ಹೋಗಿ. 1883ರಲ್ಲಿ ಓಪನ್ ಆಗಿದ್ದು, ನಡೆಯೋರ ದಾರಿ ಕಾರುಗಳಿಗಿಂತ ಮೇಲ್ಗಡೆ ಇದೆ, ಕಾಲ್ಕೆಳಗೆ ಮರದ ಹಲಗೆ, ಅಕ್ಕಪಕ್ಕ ಬಲೆ ನೇಯ್ದಂಗೆ ಉಕ್ಕಿನ ಹಗ್ಗಗಳು, ಎದುರಿಗೆ ಆ ಕಲ್ಲಿನ ಕಮಾನು. 2021ರಲ್ಲಿ ಸೈಕಲ್‌ನೋರಿಗೆ ಕೆಳಗಡೆ ಬೇರೆ ಲೇನ್ ಕೊಟ್ಮೇಲೆ ಬೆನ್ನ ಹಿಂದೆ ಟ್ರಿಣ್ ಟ್ರಿಣ್ ಅನ್ನೋ ಕಾಟನೂ ತಪ್ತು.

ಆದ್ರೆ ತುಂಬಾ ಜನ ಮ್ಯಾನ್‌ಹ್ಯಾಟನ್ ಕಡೆಯಿಂದ ಹತ್ತಿ, ನೋಡ್ಬೇಕಾಗಿರೋ ಮ್ಯಾನ್‌ಹ್ಯಾಟನ್ ಬಿಲ್ಡಿಂಗ್‌ಗಳಿಗೇ ಬೆನ್ನು ಹಾಕ್ಕೊಂಡು ನಡೀತಾರೆ, ಆಮೇಲೆ ಹೆಜ್ಜೆಗೊಂದ್ಸಲ ತಿರುಗಿ ತಿರುಗಿ ನೋಡೋದು! ನೀವು ಸಬ್‌ವೇಲಿ, ಅಂದ್ರೆ ಅಲ್ಲಿನ ಮೆಟ್ರೋ ರೈಲಲ್ಲಿ, ಹೈ ಸ್ಟ್ರೀಟ್ ಸ್ಟೇಷನ್‌ಗೆ ಹೋಗಿ ಇಳ್ದು ಬ್ರೂಕ್ಲಿನ್ ಕಡೆಯಿಂದ ಹತ್ತಿ, 1.8 ಕಿಲೋಮೀಟರ್ ಅಷ್ಟೇ, ಫೋಟೋ ಹುಚ್ಚಿದ್ರೆ ಒಂದು ಗಂಟೆ ಇಟ್ಕೊಳ್ಳಿ, ಸೂರ್ಯ ಮುಳುಗೋ ಹೊತ್ತಿಗೆ ನಡುಮಧ್ಯ ಇದ್ರೆ ಎದುರುಗಡೆ ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹತ್ಕೊಳ್ಳೋದು ಕಾಣುತ್ತೆ.

ಮ್ಯಾನ್‌ಹ್ಯಾಟನ್ ಬ್ರಿಡ್ಜ್ ಮೇಲೆ ರೈಲು ಹೋಗುತ್ತೆ, ಆ ಸದ್ದಲ್ಲಿ ಪಕ್ಕದಲ್ಲಿರೋರ ಮಾತೂ ಕೇಳ್ಸಲ್ಲ, ಬೇಲಿ ಬೇರೆ ಅಡ್ಡ. ಒಂದೇ ಲಾಭ, ಅಲ್ಲಿಂದ ಬ್ರೂಕ್ಲಿನ್ ಬ್ರಿಡ್ಜ್ ಪೂರ್ತಿ ಕಾಣ್ಸುತ್ತೆ.