ಕುದುರೆ ಮರಿಯ ಮೂತಿ ಮೇಲೆ ಗುಳ್ಳೆ ಎದ್ದಿವೆ, ಎತ್ತಿನಿಂದ ಚರ್ಮಗಂಟು ರೋಗ ಅಂಟಿತೇ?

ಇಲ್ಲ. ಚರ್ಮಗಂಟು ರೋಗ ದನ, ಎಮ್ಮೆಗಳದ್ದು, ಕುದುರೆಗೆ ಬರುವುದಿಲ್ಲ. ನಾನು ಹಾವೇರಿ ಕಡೆ ಪಶುವೈದ್ಯ. 2022ರಲ್ಲಿ ಆ ರೋಗ ಇಲ್ಲಿಯ ಎತ್ತು, ಆಕಳುಗಳನ್ನು ಹೈರಾಣ ಮಾಡಿದಾಗಿನಿಂದ ಯಾವ ಪ್ರಾಣಿಯ ಮೈಮೇಲೆ ಏನೇ ಎದ್ದರೂ "ಡಾಕ್ಟ್ರ, ಅದ ಬಂತೇನ್ರಿ?" ಅಂತ ಫೋನ್ ಬರುತ್ತದೆ.

ನೀವು ಹೇಳಿದ ಪ್ರಕಾರ ಮರಿಗೆ ಒಂದೂವರೆ ವರ್ಷ, ಗುಳ್ಳೆ ಇರುವುದು ತುಟಿ ಮತ್ತು ಹೊಳ್ಳೆ ಸುತ್ತ, ಜ್ವರ ಇಲ್ಲ, ಮೇವು ತಿನ್ನುತ್ತಿದೆ. ಬಹುತೇಕ ಇದು ನರೂಲಿ. ಕುದುರೆಗಳದ್ದೇ ಪ್ಯಾಪಿಲೋಮಾ ವೈರಸ್ ಇದಕ್ಕೆ ಕಾರಣ, 3 ವರ್ಷದೊಳಗಿನ ಮರಿಗಳಲ್ಲೇ ಹೆಚ್ಚು. ಬೆಳಕಿನಲ್ಲಿ ನೋಡಿ: ಬೂದು ಇಲ್ಲವೇ ನಸುಗೆಂಪು ಬಣ್ಣ, ಮೇಲ್ಭಾಗ ಹೂಕೋಸಿನಂತೆ ಒರಟು. ಸಾಮಾನ್ಯವಾಗಿ 3-4 ತಿಂಗಳಲ್ಲಿ ತಾವೇ ಉದುರುತ್ತವೆ, ಕೆಲವಕ್ಕೆ ಇನ್ನೂ ತಡ. ಸುಣ್ಣ-ಸೋಡಾ ಮಾತ್ರ ಹಚ್ಚಬೇಡಿ, ತುಟಿ ಸುಟ್ಟರೆ ಮರಿ ಮೇವು ಬಿಡುತ್ತದೆ. ಬಕೆಟ್, ಲಗಾಮು, ಮೈ ತಿಕ್ಕುವ ಬ್ರಷ್ ಬೇರೆ ಇಡಿ, ಉಳಿದ ಮರಿಗಳಿಗೆ ಅವುಗಳಿಂದಲೂ ಹಬ್ಬುತ್ತದೆ. ನಿಮ್ಮ ಮಕ್ಕಳಿಗೆ ತಗಲುವುದಿಲ್ಲ. (ಮನುಷ್ಯರ ನರೂಲಿಗೆ ಕುದುರೆ ಬಾಲದ ಕೂದಲು ಬಿಗಿಯುವ ಊರು ನಮ್ಮದು. ಕುದುರೆಗೇ ಆದರೆ ಯಾರ ಕೂದಲು ಕಟ್ಟೋಣ?)

ಆದರೆ ಎತ್ತು, ಕುದುರೆ ಒಂದೇ ಕೊಟ್ಟಿಗೆಯಲ್ಲಿವೆ ಅಂದಿರಿ. ದನದಿಂದ ಕುದುರೆಗೆ ನಿಜವಾಗಿ ದಾಟುವ ವೈರಸ್ ಒಂದಿದೆ, ದನಗಳ ನರೂಲಿಯದ್ದು. ಕುದುರೆಯಲ್ಲಿ ಅದು ಸಾರ್ಕಾಯ್ಡ್ ಎಂಬ ಚರ್ಮದ ಗಡ್ಡೆಗೆ ಕಾರಣವಾಗುತ್ತದೆ. ಕಣ್ಣಿನ ಸುತ್ತ, ಕಿವಿ, ಎದೆ, ತೊಡೆಸಂದು, ಹಳೆ ಗಾಯದ ಜಾಗ, ಎಲ್ಲಿ ಬೇಕಾದರೂ ಏಳಬಹುದು. ಈ ವೈರಸ್ ಹರಡುವುದರಲ್ಲಿ ನೊಣಗಳ ಮೇಲೂ ಅನುಮಾನವಿದೆ. ಒಳಗಿನ ಅಂಗಗಳಿಗೆ ಹರಡುವುದಿಲ್ಲ ನಿಜ, ಆದರೆ ತಾನಾಗಿ ಹೋಗುವುದು ಅಪರೂಪ. ನರೂಲಿ ಅಂದುಕೊಂಡು ಯಾರೋ ಬ್ಲೇಡಿನಿಂದ ಅರ್ಧ ಕೊಯ್ದರೆ ಮೊದಲಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ದೊಡ್ಡ ಕುದುರೆಯ ಮೈಮೇಲೆ ಒಂಟಿ ಗಡ್ಡೆ ಕಂಡರೆ ಮುಟ್ಟದೆ ಗದಗದ ಪಶುವೈದ್ಯಕೀಯ ಕಾಲೇಜಿಗೆ ತೋರಿಸಿ.

ಕಾಲಿನ ಮೇಲೆ ಸಾಲಾಗಿ ಗಂಟೆದ್ದು ಒಡೆದು ಅಂಟು ಕೀವು ಸೋರುತ್ತಿದ್ದರೆ, ಮೂಗೂ ಸುರಿಯುತ್ತಿದ್ದರೆ, ಅದು ಗ್ಲ್ಯಾಂಡರ್ಸ್ ಇರಬಹುದು. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ, ಮನುಷ್ಯರ ಜೀವಕ್ಕೂ ಅಪಾಯ. ಬರಿಗೈಯಲ್ಲಿ ಮುಟ್ಟದೆ ಅವತ್ತೇ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ.