ಮಗನ ಬ್ಯಾಗಿನಲ್ಲಿ ಮಾವಿನ ವಾಸನೆ: ವೇಪ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಾನೆ. ದಸರಾ ರಜೆಗೆ ಬಂದಾಗ ಬಟ್ಟೆ ಒಗೆಯಲು ಅವನ ಬ್ಯಾಗ್ ಬಿಚ್ಚಿದೆ. ಹೈಲೈಟರ್ ಪೆನ್ನಿನಂಥದ್ದು ಸಿಕ್ಕಿತು, ಮಾವಿನಹಣ್ಣಿನ ವಾಸನೆ. ಕೇಳಿದರೆ, 'ಇದು ಸಿಗರೇಟ್ ಅಲ್ಲಮ್ಮ, ಬರೀ ಫ್ಲೇವರ್ ಆವಿ, ಎಲ್ಲರೂ ಎಳೀತಾರೆ' ಅಂದ. ನಮ್ಮ ಯಜಮಾನರಿಗೆ ಗೊತ್ತಾದರೆ ಕಾಲೇಜೇ ಬಿಡಿಸಿಬಿಡುತ್ತಾರೆ. ಇನ್ನೂ ಹೇಳಿಲ್ಲ. ಏನು ಮಾಡಲಿ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮಗೆ ಸಿಕ್ಕಿದ್ದು ವೇಪ್, ಅಂದರೆ ದ್ರವ ಕಾಯಿಸಿ ಆವಿ ಎಳೆಯುವ ಇ-ಸಿಗರೇಟ್. ಮೊದಲು ಒಂದು ಸಣ್ಣ ಕೆಲಸ. ಅದನ್ನು ಅಡುಗೆಮನೆ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದರೆ ತೆಗೆಯಿರಿ. ಒಳಗಿನ ದ್ರವ ಚಿಕ್ಕ ಮಕ್ಕಳ ಬಾಯಿಗೆ ಹೋದರೆ ವಿಷ. ಲಿಥಿಯಂ ಬ್ಯಾಟರಿಯೂ ಇರುತ್ತದೆ, ಒಡೆಯಲು, ಸುಡಲು ಹೋಗಬೇಡಿ.

ಇನ್ನು ಮಗನ ಮಾತು. ಅವನು ಸುಳ್ಳು ಹೇಳಿದ ಅಂತ ನನಗನಿಸುವುದಿಲ್ಲ. ನನ್ನ ಹತ್ತಿರ ಬರುವ ಹುಡುಗರಲ್ಲಿ ಹಲವರು ಹೀಗೇ ನಂಬಿರುತ್ತಾರೆ. ನಮ್ಮ ಕಾಲದಲ್ಲಿ ಕದ್ದು ಬೀಡಿ ಸೇದಿದವನಿಗೆ ಮೊದಲ ದಮ್ಮಿಗೇ ಕೆಮ್ಮು ಬಂದು ಕಣ್ಣಲ್ಲಿ ನೀರು ಬರುತ್ತಿತ್ತು. ಅರ್ಧ ಜನ ಅಲ್ಲಿಗೇ ಬಿಡುತ್ತಿದ್ದರು. ಬಿಡದವರನ್ನು ಅಂಗಿಯ ವಾಸನೆ ಹಿಡಿದುಕೊಡುತ್ತಿತ್ತು. ವೇಪ್‌ನಲ್ಲಿ ಈ ಎರಡು ಕಾವಲೂ ಇಲ್ಲ. ಇವತ್ತಿನ ಬಹಳಷ್ಟು ವೇಪ್‌ಗಳಲ್ಲಿ ನಿಕೋಟಿನ್‌ಗೆ (ತಂಬಾಕಿನಲ್ಲಿ ಚಟ ಹಿಡಿಸುವ ಅಂಶ ಇದೇ) ಆಮ್ಲ ಬೆರೆಸಿ 'ನಿಕೋಟಿನ್ ಸಾಲ್ಟ್' ಮಾಡಿರುತ್ತಾರೆ. ಅದು ಗಂಟಲಿಗೆ ಅಷ್ಟಾಗಿ ಉರಿಯುವುದಿಲ್ಲ. ಮೇಲೆ ಮಾವಿನ ಪರಿಮಳ. ಎಷ್ಟು ಎಳೆದರೂ ಗೊತ್ತಾಗುವುದಿಲ್ಲ.

ಲೆಕ್ಕ ನೋಡಿ. 5% ನಿಕೋಟಿನ್ ಇರುವ ದ್ರವ 2 ಮಿಲಿಲೀಟರ್ ಇದ್ದರೆ ಅದರಲ್ಲಿ ಸುಮಾರು 100 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಅಷ್ಟೂ ಮೈಗೆ ಸೇರುವುದಿಲ್ಲ, ನಿಜ. ಆದರೆ ಒಂದು ಸಿಗರೇಟಿನಿಂದ ಮೈ ಸೇರುವುದು 1ರಿಂದ 2 ಮಿಲಿಗ್ರಾಂ. ಸಿಗರೇಟಾದರೆ ಸುಟ್ಟು ಮುಗಿಯುತ್ತದೆ, ಇನ್ನೊಂದು ಹಚ್ಚಬೇಕು. ವೇಪ್ ಹಾಗಲ್ಲ. ಓದುವಾಗ ಒಂದು ಪಫ್, ಬಾತ್‌ರೂಮಿನಲ್ಲಿ ಒಂದು, ಹೊದಿಕೆಯೊಳಗೆ ಒಂದು. ಲೆಕ್ಕ ಇಟ್ಟವರಾರು?

'ಆವಿ' ಅನ್ನುವುದು ನೀರಿನ ಆವಿಯಲ್ಲ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಎಸೆನ್ಸ್, ನಿಕೋಟಿನ್ ಎಲ್ಲ ಸೇರಿದ ದ್ರವವನ್ನು ಒಂದು ತಂತಿ ಸುರುಳಿ ಕಾಯಿಸುತ್ತದೆ. ಕಾದಾಗ ಫಾರ್ಮಾಲ್ಡಿಹೈಡ್‌ನಂಥ ವಿಷಕಾರಿ ರಾಸಾಯನಿಕಗಳೂ ಹುಟ್ಟುತ್ತವೆ. ಐಸ್‌ಕ್ರೀಮಿಗೆ ಹಾಕುವ ಎಸೆನ್ಸ್ ಹೊಟ್ಟೆಗೆ ಸರಿ ಅಂತ ಶ್ವಾಸಕೋಶಕ್ಕೂ ಸರಿಯೇ? 'ನಿಕೋಟಿನ್ ಇಲ್ಲ' ಅಂತ ಬರೆದಿದ್ದರೂ ನಂಬಬೇಡಿ. ನಮ್ಮಲ್ಲಿ ಮಾರುವುದೇ ಕಳ್ಳತನದಲ್ಲಿ, ಲೇಬಲ್ ಪರೀಕ್ಷೆ ಮಾಡುವವರು ಯಾರು?

ಮಾತಾಡುವುದು ಹೇಗೆ? ಎದುರಿಗೆ ಕೂರಿಸಿ ವಿಚಾರಣೆ ಬೇಡ. ಬಸ್ ಸ್ಟ್ಯಾಂಡಿಗೆ ಬಿಡಲು ಹೋಗುವಾಗಲೋ, ಬಟ್ಟೆ ಮಡಚುವಾಗಲೋ ಕೇಳಿ. 'ಯಾಕೋ ಸೇದಿದೆ' ಅನ್ನುವ ಬದಲು 'ಸೇದಿದರೆ ಏನನ್ನಿಸುತ್ತೋ' ಅನ್ನಿ. 'ಟೆನ್ಷನ್ ಕಡಿಮೆಯಾಗುತ್ತೆ' ಅನ್ನುತ್ತಾನೆ, ಬಹುತೇಕ ಎಲ್ಲರೂ ಅನ್ನುವುದು ಅದನ್ನೇ. ಆಗ ಇನ್ನೊಂದು ಪ್ರಶ್ನೆ: ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಬೇಕನ್ನಿಸುತ್ತೆ? ಅರ್ಧ ಗಂಟೆಯೊಳಗೆ ಅಂದರೆ ಚಟ ಗಟ್ಟಿಯಾಗಿದೆ. ಅವನ ಟೆನ್ಷನ್ನಿನಲ್ಲಿ ಒಂದು ಪಾಲು ಪರೀಕ್ಷೆಯದ್ದೇ ಅಲ್ಲ, ನಿಕೋಟಿನ್ ಸಿಗದೇ ಇರುವುದರದ್ದು. ಇದನ್ನು ಅವನಿಗೆ ಹೇಳಿ. ಕ್ಯಾನ್ಸರ್ ಚಿತ್ರಕ್ಕಿಂತ ಈ ಮಾತು ಜಾಸ್ತಿ ನಾಟಿದ್ದನ್ನು ನಾನು ನೋಡಿದ್ದೇನೆ.

ಯಜಮಾನರಿಗೆ ಹೇಳಲೇಬೇಕು. ಆದರೆ ಮಗನಿಗೆ ಮೊದಲೇ ತಿಳಿಸಿ, 'ಭಾನುವಾರ ಅಪ್ಪನಿಗೆ ಇಬ್ಬರೂ ಸೇರಿ ಹೇಳೋಣ' ಅನ್ನಿ. ಕಾಲೇಜು ಬಿಡಿಸಿದರೆ ಚಟ ಬಿಡುವುದಿಲ್ಲ, ಓದು ಬಿಡುತ್ತದೆ. ಇನ್ನೊಂದು ವಿಷಯ, ಬೇಜಾರಾಗಬೇಡಿ. ಅವರು ಸಿಗರೇಟೋ ಗುಟ್ಕಾವೋ ಮುಟ್ಟುತ್ತಾರಾದರೆ ಮಗ ಅದನ್ನು ಎತ್ತಿ ತೋರಿಸೇ ತೋರಿಸುತ್ತಾನೆ. ಉತ್ತರ ಸಿದ್ಧ ಇಟ್ಟುಕೊಳ್ಳಲಿ.

ಪ್ರಶ್ನೆ: ನಮ್ಮ ಪಿಯು ಕಾಲೇಜಿನ ಟಾಯ್ಲೆಟ್ಟಿನಲ್ಲಿ ಸ್ಟ್ರಾಬೆರಿ ವಾಸನೆ ಬರುತ್ತಿದೆ. ಸಿಕ್ಕಿಬಿದ್ದವರನ್ನು ಸಸ್ಪೆಂಡ್ ಮಾಡುವುದೇ ಸರಿ ಅಂತಾರೆ ಪ್ರಾಂಶುಪಾಲರು. ಕಾನೂನು ಏನು ಹೇಳುತ್ತದೆ?
- ಉಪನ್ಯಾಸಕರು, ಹಾಸನ

ಉತ್ತರ: ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು. ಮಾರಿದರೆ ಮೊದಲ ಸಲ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷ, 5 ಲಕ್ಷದವರೆಗೂ ಹೋಗುತ್ತದೆ. ತಯಾರಿಕೆ, ಆಮದು, ಜಾಹೀರಾತು, ದಾಸ್ತಾನು ಎಲ್ಲವೂ ಅಪರಾಧ. ಅಂದರೆ ಈ ಕಾನೂನಿನ ಕಣ್ಣು ಮುಖ್ಯವಾಗಿ ಮಾರುವವನ ಮೇಲಿದೆ. ನಿಮ್ಮ ಕಣ್ಣೂ ಅಲ್ಲೇ ಇರಲಿ. ಗೇಟಿನಾಚೆಯ ಅಂಗಡಿಯೋ, ಇನ್‌ಸ್ಟಾಗ್ರಾಂ ನೋಡಿ ತರಿಸುವ ಸೀನಿಯರೋ ಎಂದು ಪತ್ತೆ ಮಾಡಿ, ಅಂಗಡಿಯಾದರೆ ಪೊಲೀಸರಿಗೆ ದೂರು ಕೊಡಿ.

ಸಸ್ಪೆಂಡ್ ಮಾಡಿದ ಹುಡುಗ ಹದಿನೈದು ದಿನ ಮನೆಯಲ್ಲಿ ಒಬ್ಬನೇ ಕೂರುತ್ತಾನೆ. ಕೈಯಲ್ಲಿ ಫೋನು, ಜೇಬಿನಲ್ಲಿ ಇನ್ನೊಂದು ವೇಪ್. ಏನು ಸಾಧಿಸಿದ ಹಾಗಾಯಿತು? ವಸ್ತು ಕಿತ್ತುಕೊಳ್ಳಿ, ಪೋಷಕರನ್ನು ಕರೆಸಿ, ಆಪ್ತ ಸಲಹೆಗೆ ಕಳಿಸಿ. ಭಾಷಣ ಮಾಡುವುದಿದ್ದರೆ ಪಿಯುಸಿವರೆಗೆ ಕಾಯಬೇಡಿ, ಏಳು-ಎಂಟನೇ ಕ್ಲಾಸಿನಲ್ಲೇ ಶುರುವಾಗಲಿ. ಬೇಡ ಅನ್ನುವುದನ್ನು ಮಕ್ಕಳ ಬಾಯಲ್ಲೇ ಹೇಳಿಸಿ ಅಭ್ಯಾಸ ಮಾಡಿಸಿ. 'ಬೇಡ ಮಗಾ, ಕಬಡ್ಡಿ ಆಡುವಾಗ ಉಸಿರು ಸಾಲಲ್ಲ' ಅನ್ನುವಂಥ ಒಂದು ನೆಪ ಕೈಯಲ್ಲಿದ್ದರೆ ಹುಡುಗನ ಮರ್ಯಾದೆಯೂ ಉಳಿಯುತ್ತದೆ.

ಪ್ರಶ್ನೆ: ಸರ್, ನನಗೆ 19. ಮೂರು ಸಲ ಬಿಟ್ಟೆ, ಎರಡು ದಿನಕ್ಕೇ ಮತ್ತೆ ಶುರು. ನಾನು ವೇಸ್ಟಾ?
- ಹೆಸರು ಬೇಡ, ಬೆಂಗಳೂರು

ಉತ್ತರ: ನನ್ನ ಮಗನ ವಯಸ್ಸು, ಏಕವಚನದಲ್ಲೇ ಬರೆಯುತ್ತೇನೆ. ಎರಡು ದಿನ ಅಂದೆಯಲ್ಲ, ಅದಕ್ಕೆ ಕಾರಣ ಇದೆ. ಬಿಟ್ಟ ಮೇಲೆ ಸಿಡುಕು, ತಲೆನೋವು, ನಿದ್ದೆಗೇಡು ತೀರಾ ಜಾಸ್ತಿಯಾಗುವುದು ಎರಡನೇ-ಮೂರನೇ ದಿನಕ್ಕೆ. ನೀನು ಪ್ರತಿ ಸಲವೂ ಏರಿನ ತುದಿಗೆ ಹೋಗಿ ವಾಪಸ್ ಬಂದಿದ್ದೀಯ. ಅಲ್ಲಿಂದ ಮುಂದೆ ಇಳಿಜಾರು. ಎರಡರಿಂದ ನಾಲ್ಕು ವಾರದಲ್ಲಿ ಸಾಕಷ್ಟು ತಗ್ಗುತ್ತದೆ.

ಈ ಸಲ ಪರೀಕ್ಷೆ ಇಲ್ಲದ ವಾರ ನೋಡಿ ದಿನ ಗೊತ್ತು ಮಾಡು. ಚಾರ್ಜರ್ ಸಮೇತ ಎಲ್ಲ ಇ-ತ್ಯಾಜ್ಯಕ್ಕೆ ಕೊಡು. ಮಾರುವವನ ನಂಬರ್ ಬ್ಲಾಕ್ ಮಾಡು, ಇದನ್ನು ಮರೆಯುವವರೇ ಜಾಸ್ತಿ. ಆಸೆ ಬಂದಾಗ ಐದು ನಿಮಿಷ ತಳ್ಳು. ನೀರು ಕುಡಿ, ಮೆಟ್ಟಿಲು ಹತ್ತಿ ಇಳಿ, ಅಷ್ಟರಲ್ಲಿ ಅಲೆ ತಗ್ಗುತ್ತದೆ. ನಿಕೋಟಿನ್ ಗಮ್ ಬೇಕೇ ಅಂತ ವೈದ್ಯರನ್ನು ಕೇಳು, ನೀನಾಗಿ ಶುರು ಮಾಡಬೇಡ. ತಂಬಾಕು ಬಿಡಿಸುವ ಸಹಾಯವಾಣಿ 1800-11-2356 ಉಚಿತ. ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಪ್ರಶ್ನೆ: ಸಿಗರೇಟ್ ಬಿಡಲು ನಾನೇ ವೇಪ್ ಶುರು ಮಾಡಿದ್ದೇನೆ. ವಯಸ್ಸು 44, ಮಗಳಿಗೆ 13. ತಪ್ಪೇ?
- ಹುಬ್ಬಳ್ಳಿ

ಉತ್ತರ: ಇಂಗ್ಲೆಂಡಿನಲ್ಲಿ ಸಿಗರೇಟ್ ಸೇದುವ ದೊಡ್ಡವರಿಗೆ ಈ ದಾರಿ ತೋರಿಸುತ್ತಾರೆ. ಅಲ್ಲೂ 18ರೊಳಗಿನವರಿಗೆ ಮಾರುವಂತಿಲ್ಲ, ಬಳಸಿ ಬಿಸಾಡುವ ವೇಪ್‌ಗಳನ್ನು 2025ರ ಜೂನ್ 1ರಿಂದ ನಿಷೇಧಿಸಿದ್ದಾರೆ. ನಮ್ಮಲ್ಲಿ ನಿಮಗೆ ಸಿಗುವುದು ಯಾರೂ ಪರೀಕ್ಷಿಸದ ಕಳ್ಳ ಮಾಲು. ಗಮ್ ಇದೆ, ಮಾತ್ರೆಗಳಿವೆ, ವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಆ ವೇಪ್ ಮನೆಯಲ್ಲಿ ಎಲ್ಲಿಡುತ್ತೀರಿ ಅನ್ನುವುದು ಮಗಳಿಗೆ ಗೊತ್ತಿದೆಯೇ, ಸ್ವಲ್ಪ ನೋಡಿಕೊಳ್ಳಿ.