ವಾಹನ ಪ್ರಶ್ನೋತ್ತರ: ಸುಲಿದು ತೆಗೆಯುವ ರಬ್ಬರ್ ಲೇಪ

ಪ್ರಶ್ನೆ: ನನ್ನ ಹಳೆಯ ಕಾರಿನ ಗ್ರಿಲ್ ಮತ್ತು ಬಾಗಿಲುಗಳ ಕ್ರೋಮ್ ಪಟ್ಟಿಗಳು ಮಂಕಾಗಿವೆ, ಬಂಪರಿನ ಕಪ್ಪು ಪ್ಲಾಸ್ಟಿಕ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿದೆ. ಬೇಡವೆನಿಸಿದಾಗ ಸಿಪ್ಪೆಯಂತೆ ಸುಲಿದು ತೆಗೆಯಬಹುದಾದ ಪ್ಲಾಸ್ಟಿ ಡಿಪ್‌ನಂತಹ ರಬ್ಬರ್ ಸ್ಪ್ರೇಯನ್ನು ಮನೆಯಲ್ಲಿ ನಾನೇ ಹೊಡೆಯಬಹುದೇ? ನಮ್ಮ ಊರಿನ ಬಿಸಿಲಿಗೆ ಅದು ತಡೆದೀತೇ?
— ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಕ್ರೋಮ್ ಪಟ್ಟಿಗಳಿಗೆ ಧಾರಾಳವಾಗಿ ಹೊಡೆಯಿರಿ, ಬಂಪರಿನ ಪ್ಲಾಸ್ಟಿಕ್ಕಿಗೆ ಬೇಡ. ದ್ರಾವಕದಲ್ಲಿ ಕರಗಿಸಿದ ಈ ಕೃತಕ ರಬ್ಬರು, ದ್ರಾವಕ ಆರಿದ ಮೇಲೆ ಪೊರೆಯಂತೆ ಮೇಲ್ಮೈಯನ್ನು ಅಪ್ಪಿಕೊಂಡಿರುತ್ತದೆಯೇ ಹೊರತು ಸಾಮಾನ್ಯ ಬಣ್ಣದಷ್ಟು ಬಿಗಿಯಾಗಿ ಕಚ್ಚುವುದಿಲ್ಲ. ಆದ್ದರಿಂದಲೇ ನಯವಾದ ಕ್ರೋಮ್ ಮೇಲಿನಿಂದ ಅದು ಹಾಳೆಯಾಗಿ ಎದ್ದು ಬರುತ್ತದೆ. ಬಂಪರಿನ ಒರಟು ಪ್ಲಾಸ್ಟಿಕ್ಕಿನಲ್ಲಾದರೋ ಸಣ್ಣ ಸಣ್ಣ ತಗ್ಗುಗಳೊಳಗೆ ಇಳಿದು ಕೂರುವುದರಿಂದ, ತೆಗೆಯುವ ದಿನ ಚೂರುಚೂರಾಗಿ ಕಿತ್ತು ಉಗುರಿಗೆ ಕೆಲಸ ಕೊಡುತ್ತದೆ. ಬೂದುಗಟ್ಟಿದ ಪ್ಲಾಸ್ಟಿಕ್ಕಿಗೆಂದೇ ಸಿಗುವ ದ್ರವವನ್ನು ಬಟ್ಟೆಯಲ್ಲಿ ಹಚ್ಚುವುದು ಮೇಲು.

ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿಗಳ ಹಿಂದೆ ಓಡಾಡಿದ ಕಾರಾಗಿದ್ದರೆ ಪಟ್ಟಿಯ ಸಂದುಗಳಲ್ಲಿ ಕೆಂಧೂಳು ಕುಳಿತಿರುತ್ತದೆ. ಅದನ್ನು ಶಾಂಪೂ ನೀರು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆದು, ಒಣಗಿದ ಮೇಲೆ ಜಿಡ್ಡು ತೆಗೆದು ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್ ಎಂಬ ದ್ರವದಿಂದ ಒರೆಸಬೇಕು. ಧೂಳಾಗಲಿ ಪಾಲಿಶಿನ ಜಿಡ್ಡಾಗಲಿ ಉಳಿದರೆ ಲೇಪದ ಅಂಚು ಬೇಗನೆ ಏಳುತ್ತದೆ.

ಬಿಸಿಲಿನ ವಿಷಯಕ್ಕೆ ಬಂದರೆ, ಒಣಗಿದ ಲೇಪಕ್ಕಿಂತ ಹೊಡೆಯುವ ಕೆಲಸಕ್ಕೇ ಅದು ಹೆಚ್ಚು ತೊಡಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಹಗಲಿನಲ್ಲಿ ಹನಿಗಳು ಪಟ್ಟಿಯನ್ನು ಮುಟ್ಟುವ ಮೊದಲೇ ಅರ್ಧ ಒಣಗಿ, ಮೇಲ್ಮೈ ರವೆ ಉದುರಿಸಿದಂತಾಗುತ್ತದೆ. ಬೆಳಗಿನ ಹೊತ್ತು, ನೆರಳಿನಲ್ಲಿ, ಧೂಳಿನ ಗಾಳಿ ಇಲ್ಲದಾಗ ಕೆಲಸ ಮುಗಿಸಿರಿ. ಸ್ಪ್ರೇ ಬೇಗ ಹೊತ್ತಿಕೊಳ್ಳುವಂಥದ್ದು; ಹತ್ತಿರ ಬೆಂಕಿ, ಬೀಡಿ ಇರಬಾರದು, ಮುಖಕ್ಕೆ ಮಾಸ್ಕ್ ಇರಬೇಕು, ಉಳಿದ ಡಬ್ಬಿಯನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು.

ಸುತ್ತಲೂ ಮಾಸ್ಕಿಂಗ್ ಟೇಪ್ ಅಂಟಿಸಿ, 15ರಿಂದ 20 ಸೆಂಟಿಮೀಟರ್ ದೂರದಿಂದ ಮೊದಲ ಕೋಟನ್ನು ಕ್ರೋಮ್ ಇನ್ನೂ ಕಾಣುವಷ್ಟು ತೆಳ್ಳಗೆ ಹೊಡೆಯಿರಿ. ಕೋಟಿನಿಂದ ಕೋಟಿಗೆ 15-20 ನಿಮಿಷ ಬಿಟ್ಟು ಕನಿಷ್ಠ ಐದು ಕೋಟು ಆಗಲೇಬೇಕು. ಎರಡನೆಯದಕ್ಕೇ ಕಪ್ಪು ಬಂದಂತೆ ಕಾಣುವುದರಿಂದ ಅಲ್ಲಿಗೇ ಡಬ್ಬಿ ಮುಚ್ಚಿಡುವವರಿದ್ದಾರೆ; ಉಳಿಸಿದ ಆ ಅರ್ಧ ಡಬ್ಬಿಯ ಬೆಲೆಯನ್ನು ಅವರು ಸುಲಿಯುವ ದಿನ ತೆರುತ್ತಾರೆ, ಏಕೆಂದರೆ ದಪ್ಪವಿದ್ದರೆ ಮಾತ್ರ ಪೊರೆಗೆ ಎಳೆದರೆ ಹರಿಯದಷ್ಟು ಬಲ ಬರುತ್ತದೆ. ಕೊನೆಯ ಕೋಟು ಹಸಿಯಿರುವಾಗಲೇ ಟೇಪನ್ನು ತೆಗೆಯಿರಿ. ಒಣಗಿದ ಮೇಲೆ ಎಳೆದರೆ ಲೇಪವೂ ಅದರ ಜೊತೆಗೆ ಬರುತ್ತದೆ. ಸುಮಾರು ನಾಲ್ಕು ಗಂಟೆಯಲ್ಲಿ ಒಣಗಿದರೂ ಒಂದೆರಡು ದಿನ ತೊಳೆಯದಿರುವುದು ಒಳ್ಳೆಯದು.

ಪೆಟ್ರೋಲು ಈ ರಬ್ಬರನ್ನು ಕರಗಿಸುತ್ತದೆ. ಗ್ಯಾರೇಜಿನ ಹುಡುಗರು ಪೆಟ್ರೋಲು ಬಟ್ಟೆಯಿಂದ ಒರೆಸುವ ಅಭ್ಯಾಸ ನಮ್ಮಲ್ಲಿ ಇರುವುದರಿಂದ ಅವರಿಗೆ ಮೊದಲೇ ಹೇಳಿಡಿ. ಹೆಡ್‌ಲೈಟಿಗಾಗಲಿ ನಂಬರ್ ಪ್ಲೇಟಿಗಾಗಲಿ ಹೊಡೆಯಬೇಡಿ. ಪಟ್ಟಿಗಳನ್ನು ಬಿಟ್ಟು ಇಡೀ ಕಾರಿನ ಬಣ್ಣವನ್ನೇ ಬದಲಿಸುವ ಆಸೆಯಾದರೆ, ಆರ್.ಸಿ.ಯಲ್ಲಿ ಬಣ್ಣ ದಾಖಲಾಗಿರುವುದರಿಂದ, ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿರಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಹೊಡೆಸಿದ ಇದೇ ಲೇಪ ಈಗ ಸುಲಿಯಲು ಬಾರದೆ ಪುಡಿಪುಡಿಯಾಗುತ್ತಿದೆ. ಥಿನ್ನರ್ ಹಾಕಲೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಥಿನ್ನರ್ ಹಾಕಿದರೆ ಪಕ್ಕದ ಬಣ್ಣವೂ ಕೆಡುತ್ತದೆ. ತೆಳ್ಳಗೆ ಹೊಡೆದ ಲೇಪ ಬಿಸಿಲಿಗೆ ಬಿರುಸಾಗಿದೆ, ಅಷ್ಟೇ. ವಿಚಿತ್ರವೆನಿಸಿದರೂ, ಅದರ ಮೇಲೆಯೇ ಅದೇ ಸ್ಪ್ರೇಯನ್ನು ಮೂರು ನಾಲ್ಕು ಕೋಟು ದಪ್ಪಗೆ ಹೊಡೆಯಿರಿ. ಹೊಸ ದ್ರಾವಕಕ್ಕೆ ಹಳೆಯದು ಮೆತ್ತಗಾಗಿ ಎರಡೂ ಒಂದಾಗುತ್ತವೆ. ಮರುದಿನ ಮೂಲೆಯಿಂದ ಬೆರಳಿನಿಂದ ಉಜ್ಜಿ ಎಬ್ಬಿಸಿ ನಿಧಾನವಾಗಿ ಎಳೆಯಿರಿ. ಸಂದುಗಳಲ್ಲಿ ಉಳಿದ ಚೂರುಗಳಿಗೆ ಡಬ್ಲ್ಯುಡಿ-40 ಎಂಬ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಉಜ್ಜಿದರೆ ಸಾಕು.